ಕೀಲು ಕೊರೆದ ಅಣುವೇ ಕ್ಷಯಕ್ಕೆ ಕಾವಲಿತ್ತು: ಹೂ ಕಟ್ಟುವ ಮಹಿಳೆಯೊಬ್ಬರ ಪ್ರಕರಣ

ಬೆಂಗಳೂರಿನ ಮಲ್ಲೇಶ್ವರದ ರಸ್ತೆಯೊಂದರ ಬದಿಯಲ್ಲಿ ಹೂ ಮಾರುವ 43 ವರ್ಷದ ಮಹಿಳೆಯೊಬ್ಬರು ಸಂಕ್ರಾಂತಿ ಕಳೆದ ವಾರ ನಮ್ಮ ಹೊರರೋಗಿ ವಿಭಾಗಕ್ಕೆ ಬಂದರು. ಬೆಳಗಿನ ಜಾವ ಮೂರೂವರೆಗೆ ಎದ್ದು, ಕೆ.ಆರ್. ಮಾರುಕಟ್ಟೆಯಿಂದ ಬಿಡಿ ಹೂ ತಂದು, ಏಳು ಗಂಟೆಯೊಳಗೆ ಕಟ್ಟಿ ಮೊಳದ ಲೆಕ್ಕದಲ್ಲಿ ಮಾರುವುದು ಇಪ್ಪತ್ತು ವರ್ಷಗಳಿಂದ ಅವರ ಕೆಲಸ. "ಮಲ್ಲಿಗೆ ಕಟ್ಟೋವಾಗ ಗಂಟು ಬಿಗಿಯಾಗ್ತಿಲ್ಲ ಡಾಕ್ಟ್ರೇ, ಹೂವು ಜಾರ್ತಾವೆ" ಎಂಬುದು ಅವರು ಆಡಿದ ಮೊದಲ ಮಾತು. ನೋವು ಎಂಬ ಪದ ಬಂದದ್ದು ಆಮೇಲೆ. ಅವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿ ಈ ಪ್ರಕರಣವನ್ನು ಬರೆಯುತ್ತಿದ್ದೇನೆ.

ತೊಂದರೆ ಶುರುವಾಗಿ 14 ತಿಂಗಳಾಗಿತ್ತು. ಮೊದಲು ಬಲಗೈಯ ತೋರುಬೆರಳು ಮತ್ತು ನಡುಬೆರಳ ಬುಡದ ಕೀಲುಗಳು ಊದಿಕೊಂಡವು. ಮೂರು ವಾರದಲ್ಲಿ ಎಡಗೈಯಲ್ಲೂ ಅದೇ ಜಾಗದಲ್ಲಿ ಬಾವು ಬಂತು. ಬಳಿಕ ಎರಡೂ ಮಣಿಕಟ್ಟು, ಪಾದದ ಬೆರಳುಗಳ ಬುಡ, ಕೊನೆಗೆ ಬಲ ಮಂಡಿ. ಬೆರಳ ತುದಿಯ ಕೀಲುಗಳು ಮಾತ್ರ ಕೊನೆಯವರೆಗೂ ಚೆನ್ನಾಗಿಯೇ ಇದ್ದವು. ಎದ್ದ ಮೇಲೆ ಕೈ ಸಡಿಲವಾಗಲು ಎರಡು ಗಂಟೆ ಬೇಕಾಗುತ್ತಿತ್ತು. ಬಿಸಿನೀರಿನಲ್ಲಿ ಕೈ ಅದ್ದಿಕೊಂಡು ಕೂತು, ಬೆರಳು ಮಡಚುವಂತಾದ ಮೇಲಷ್ಟೇ ಮನೆ ಬಿಡುತ್ತಿದ್ದರು. ಹಾಗಾಗಿ ಮಾರುಕಟ್ಟೆಗೆ ತಡವಾಗುತ್ತಿತ್ತು, ಒಳ್ಳೆಯ ಹೂವು ಅಷ್ಟರಲ್ಲಿ ಬೇರೆಯವರ ಪಾಲಾಗಿರುತ್ತಿತ್ತು. ಅಂಗಡಿಯಲ್ಲಿ ಕೇಳಿ ತಂದ ನೋವಿನ ಮಾತ್ರೆಗಳನ್ನೂ, ರಕ್ತ ಕಡಿಮೆಯಿದೆಯೆಂದು ಯಾರೋ ಬರೆದುಕೊಟ್ಟ ಕಬ್ಬಿಣದ ಮಾತ್ರೆಗಳನ್ನೂ ಒಂದು ವರ್ಷ ನುಂಗಿದ್ದರು.

ಪರೀಕ್ಷಿಸಿದಾಗ 11 ಕೀಲುಗಳು ಊದಿದ್ದವು, 14 ಕೀಲುಗಳು ಮುಟ್ಟಿದರೆ ನೋಯುತ್ತಿದ್ದವು. ಹಿಮೋಗ್ಲೋಬಿನ್ 9.6, ಉರಿಯೂತದ ಮಟ್ಟ ತೋರಿಸುವ ಇಎಸ್‌ಆರ್ 78, ಸಿಆರ್‌ಪಿ ಲೀಟರಿಗೆ 42 ಮಿಲಿಗ್ರಾಂ ಇತ್ತು. ರುಮಟಾಯ್ಡ್ ಫ್ಯಾಕ್ಟರ್ ಪಾಸಿಟಿವ್ ಬಂತು, ಆಂಟಿ-ಸಿಸಿಪಿ ಪ್ರತಿಕಾಯ ಯಂತ್ರ ಅಳೆಯಬಲ್ಲ ಮಿತಿಯನ್ನೇ ದಾಟಿತ್ತು. ಕೈಯ ಎಕ್ಸ್-ರೇಯಲ್ಲಿ ಎರಡು ಬೆರಳುಗಳ ಬುಡದ ಮೂಳೆಯಂಚನ್ನು ಇಲಿ ಕಡಿದಂತೆ ಸಣ್ಣ ಕಚ್ಚುಗಳು ಕಂಡವು. ರುಮಟಾಯ್ಡ್ ಆರ್ಥ್ರೈಟಿಸ್ ಎಂದು ನಿರ್ಧರಿಸಲು ಇನ್ನೇನೂ ಬೇಕಿರಲಿಲ್ಲ. ನಮ್ಮ ಜನ ಇದನ್ನು ಕೀಲುವಾತ, ಆಮವಾತ, ಸಂಧಿವಾತ ಎಂದೆಲ್ಲ ಕರೆಯುತ್ತಾರೆ. ಆ ಹೆಸರುಗಳಡಿ ಸವೆದ ಮಂಡಿಯೂ ಯೂರಿಕ್ ಆಮ್ಲದ ಬಾವೂ ಸೇರಿಹೋಗುವುದರಿಂದ, ಈ ಬರಹದಲ್ಲಿ ಕೀಲುವಾತ ಎಂದಾಗ ರುಮಟಾಯ್ಡ್ ಎಂದೇ ಓದಿಕೊಳ್ಳಬೇಕು.

ಕೀಲಿನೊಳಗೆ ನಡೆಯುತ್ತಿದ್ದುದು

ಅದೇ ದಿನ ಅವರ ಬಲ ಮಂಡಿಯಿಂದ 18 ಮಿಲಿಲೀಟರ್ ನೀರು ತೆಗೆದೆ. ಆರೋಗ್ಯವಂತ ಕೀಲಿನ ನೀರು ಮೊಟ್ಟೆಯ ಬಿಳಿಯಂತಿರುತ್ತದೆ, ಸೂಜಿಯ ತುದಿಯಿಂದ ಬಿಟ್ಟರೆ ಎಳೆಯಾಗಿ ಜಗ್ಗುತ್ತದೆ. ಇವರದು ಮಬ್ಬು ಹಳದಿಯಾಗಿದ್ದು, ನಲ್ಲಿಯ ನೀರಿನಂತೆ ಹನಿಹನಿಯಾಗಿ ಬಿತ್ತು. ಅದಕ್ಕೆ ಜಿಗುಟು ಕೊಡುವ ಹೈಯಲುರಾನಿಕ್ ಆಮ್ಲ ಒಡೆದು ತೆಳುವಾಗಿತ್ತು. ಒಂದು ಘನ ಮಿಲಿಮೀಟರಿನಲ್ಲಿ 200ಕ್ಕಿಂತ ಕಡಿಮೆ ಇರಬೇಕಾದ ಬಿಳಿರಕ್ತಕಣಗಳು 14,000 ಇದ್ದವು, ಬಹುಪಾಲು ನ್ಯೂಟ್ರೋಫಿಲ್‌ಗಳು. ಕಲ್ಚರಿನಲ್ಲಿ ಯಾವ ರೋಗಾಣುವೂ ಬೆಳೆಯಲಿಲ್ಲ. ಕೊಲ್ಲಬೇಕಾದ ಶತ್ರುವೇ ಇಲ್ಲದ ಜಾಗಕ್ಕೆ ಇಷ್ಟೊಂದು ಸೈನಿಕ ಕೋಶಗಳನ್ನು ಕರೆಸಿಕೊಂಡವರು ಯಾರು ಎಂಬುದೇ ಈ ಕಾಯಿಲೆಯ ಮೂಲ ಪ್ರಶ್ನೆ.

ಕಥೆ ಶುರುವಾಗುವುದು ಕೀಲು ಊದುವ ಎಷ್ಟೋ ಮೊದಲು. ನಮ್ಮ ಪ್ರೋಟೀನುಗಳಲ್ಲಿರುವ ಆರ್ಜಿನಿನ್ ಎಂಬ ಅಮೈನೋ ಆಮ್ಲವನ್ನು ಪ್ಯಾಡ್ ಹೆಸರಿನ ಕಿಣ್ವಗಳು ಸಿಟ್ರುಲಿನ್ ಆಗಿ ಬದಲಿಸುತ್ತವೆ. ಇದು ಎಲ್ಲರ ದೇಹದಲ್ಲೂ ನಡೆಯುವ ಕೆಲಸ. ಆದರೆ ಎಚ್‌ಎಲ್‌ಎ-ಡಿಆರ್‌ಬಿ1 ಜೀನಿನ ಕೆಲವು ಬಗೆಗಳನ್ನು ಹೊತ್ತು ಹುಟ್ಟಿದವರಲ್ಲಿ, ಹೀಗೆ ಬದಲಾದ ತುಣುಕುಗಳು ರಕ್ಷಣಾ ವ್ಯವಸ್ಥೆಯ ಟಿ ಕೋಶಗಳ ಕಣ್ಣಿಗೆ ಪರಕೀಯವಾಗಿ ಬೀಳುವ ಸಂಭವ ಹೆಚ್ಚು. ಟಿ ಕೋಶದ ನೆರವು ಸಿಕ್ಕ ಬಿ ಕೋಶಗಳು ಸಿಟ್ರುಲಿನ್ ಪ್ರೋಟೀನಿನ ವಿರುದ್ಧ ಪ್ರತಿಕಾಯ ತಯಾರಿಸುತ್ತವೆ. ನಾವು ಆಂಟಿ-ಸಿಸಿಪಿ ಎಂದು ಅಳೆಯುವುದು ಅದನ್ನೇ. ಮೊದಲ ಬಾವಿಗೆ ಹಲವು ವರ್ಷ ಮುಂಚೆಯೇ ಅದು ರಕ್ತದಲ್ಲಿ ಕಾಣಿಸಿಕೊಳ್ಳಬಹುದು. ಬೀಡಿ, ಸಿಗರೇಟಿನ ಹೊಗೆ ಈ ಅಪಾಯವನ್ನು ಹೆಚ್ಚಿಸುತ್ತದೆ. ಇವರಿಗೆ ಆ ಅಭ್ಯಾಸವಿರಲಿಲ್ಲ.

ಕೀಲಿನ ಒಳಪದರ ಸಾಮಾನ್ಯವಾಗಿ ಒಂದೆರಡು ಕೋಶಗಳಷ್ಟು ತೆಳುವಾದದ್ದು. ಕೀಲುವಾತದಲ್ಲಿ ಅದು ಹತ್ತು ಪದರಕ್ಕೂ ಮೀರಿ ದಪ್ಪವಾಗುತ್ತದೆ. ಅಲ್ಲಿ ಸೇರಿಕೊಂಡ ಮ್ಯಾಕ್ರೋಫೇಜುಗಳು (ರೋಗಾಣುಗಳನ್ನು ನುಂಗುವ ಕೋಶಗಳು) ಪ್ರತಿಕಾಯಗಳಿಂದಲೂ ಟಿ ಕೋಶಗಳಿಂದಲೂ ಕೆರಳಿ ಮೂರು ಸಂದೇಶ ಅಣುಗಳನ್ನು ಧಾರಾಳವಾಗಿ ಸ್ರವಿಸುತ್ತವೆ: ಟಿಎನ್‌ಎಫ್, ಐಎಲ್-1, ಐಎಲ್-6. ಸೈಟೊಕೈನ್ ಎಂದು ಕರೆಸಿಕೊಳ್ಳುವ ಈ ಅಣುಗಳು ತಾವಾಗಿ ಏನನ್ನೂ ಕಚ್ಚುವುದಿಲ್ಲ. ಒಂದು ಕೋಶ ಇನ್ನೊಂದಕ್ಕೆ ಕಳಿಸುವ ಹೇಳಿಕೆಗಳು ಅವು. ಟಿಎನ್‌ಎಫ್ ಹೋಗಿ ರಕ್ತನಾಳದ ಒಳಗೋಡೆಗೆ ತಟ್ಟಿದಾಗ ಆ ಗೋಡೆ ಅಂಟಂಟಾಗುತ್ತದೆ, ಹರಿದುಹೋಗುತ್ತಿದ್ದ ನ್ಯೂಟ್ರೋಫಿಲ್‌ಗಳು ಅಲ್ಲಿ ಕಚ್ಚಿಕೊಂಡು ಕೀಲಿನೊಳಗೆ ನುಸುಳುತ್ತವೆ. ಅದೇ ಟಿಎನ್‌ಎಫ್ ಒಳಪದರದ ನಾರುಕೋಶಗಳಿಗೆ ತಲುಪಿದಾಗ ಅವು ಮೃದ್ವಸ್ಥಿಯನ್ನು ಕರಗಿಸುವ ಕಿಣ್ವಗಳನ್ನು ಹೊರಹಾಕುತ್ತವೆ. ಐಎಲ್-17 ಸ್ರವಿಸುವ ಟಿ ಕೋಶಗಳು ಈ ಬೆಂಕಿಗೆ ಗಾಳಿ ಹಾಕುತ್ತವೆ. ಕೊನೆಗೆ ಟಿ ಕೋಶಗಳೂ ನಾರುಕೋಶಗಳೂ ಹೊರತಳ್ಳುವ ರ‍್ಯಾಂಕ್‌ಎಲ್ ಎಂಬ ಅಣು ಮೂಳೆ ತಿನ್ನುವ ಆಸ್ಟಿಯೋಕ್ಲಾಸ್ಟ್ ಕೋಶಗಳನ್ನು ಹುಟ್ಟಿಸುತ್ತದೆ. ಮೃದ್ವಸ್ಥಿಯ ಹೊದಿಕೆಯಿಲ್ಲದ ಮೂಳೆಯಂಚಿನಲ್ಲಿ ಅವು ಮೊದಲು ಬಾಯಿ ಹಾಕುತ್ತವೆ. ಎಕ್ಸ್-ರೇಯಲ್ಲಿ ಕಂಡ ಕಚ್ಚು ಅವುಗಳದೇ ಗುರುತು.

ಈ ಕಾಯಿಲೆ ಕೈಕಾಲಿನದು ಮಾತ್ರ ಎಂದು ತಿಳಿದವರಿಗೆ ಇವರ ರಕ್ತಹೀನತೆಯನ್ನು ತೋರಿಸಬೇಕು. ಫೆರಿಟಿನ್ 210 ಇತ್ತು, ಅಂದರೆ ದೇಹದ ಉಗ್ರಾಣದಲ್ಲಿ ಕಬ್ಬಿಣಕ್ಕೆ ಕೊರತೆಯಿರಲಿಲ್ಲ. ಕೀಲಿನಿಂದ ರಕ್ತಕ್ಕೆ ಹರಿದ ಐಎಲ್-6 ಯಕೃತ್ತಿಗೆ ಎರಡು ಅಪ್ಪಣೆ ಕೊಡುತ್ತದೆ: ಸಿಆರ್‌ಪಿ ತಯಾರಿಸು, ಹೆಪ್ಸಿಡಿನ್ ತಯಾರಿಸು. ಹೆಪ್ಸಿಡಿನ್ ಹೆಚ್ಚಾದಾಗ ಕರುಳು ಕಬ್ಬಿಣವನ್ನು ಒಳಗೆ ಬಿಡುವುದಿಲ್ಲ, ಉಗ್ರಾಣದ ಕೋಶಗಳು ಇದ್ದ ಕಬ್ಬಿಣವನ್ನು ಹೊರಗೆ ಕೊಡುವುದಿಲ್ಲ. ಸೋಂಕಿನ ಹೊತ್ತಿನಲ್ಲಿ ರೋಗಾಣುವಿಗೆ ಕಬ್ಬಿಣ ಸಿಗದಂತೆ ಮಾಡುವ ಹಳೆಯ ಉಪಾಯವಿದು. ವರ್ಷವಿಡೀ ಅದು ನಡೆದರೆ ಕಬ್ಬಿಣದ ಮಾತ್ರೆ ಎಷ್ಟು ನುಂಗಿದರೂ ರಕ್ತ ಏರುವುದಿಲ್ಲ. ಬೆಳಗಿನ ಬಿಗಿತಕ್ಕೂ ಇದೇ ಅಣುಗಳ ನಂಟಿದೆ. ಟಿಎನ್‌ಎಫ್ ಮತ್ತು ಐಎಲ್-6 ರಾತ್ರಿಯ ಕೊನೆಯ ಜಾವದಲ್ಲಿ ಏರುತ್ತವೆ, ಅವನ್ನು ತಗ್ಗಿಸಬೇಕಾದ ದೇಹದ ಸ್ವಂತ ಕಾರ್ಟಿಸಾಲ್ ಆ ಏರಿಕೆಗೆ ಸಾಲದಾಗುತ್ತದೆ. ಊರೆಲ್ಲ ಮಲಗಿರುವ ಹೊತ್ತಿನಲ್ಲಿ ದುಡಿಮೆ ಶುರುವಾಗುವ ಈಕೆಗೆ, ಕೈ ಅತಿ ಹೆಚ್ಚು ಬೇಕಾದ ಗಳಿಗೆಯೂ ಕೈ ಅತಿ ಕಡಿಮೆ ಒದಗುವ ಗಳಿಗೆಯೂ ಒಂದೇ ಆಗಿತ್ತು.

ಚಿಕಿತ್ಸೆ, ಮತ್ತು ನಾನು ನಂಬಿದ 4 ಮಿಲಿಮೀಟರ್

ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್ 15 ಮಿಲಿಗ್ರಾಂ, ಜೊತೆಗೆ ಫೋಲಿಕ್ ಆಮ್ಲ, ಹೈಡ್ರಾಕ್ಸಿಕ್ಲೋರೋಕ್ವಿನ್, ದಿನಕ್ಕೆ 10 ಮಿಲಿಗ್ರಾಂ ಸ್ಟೀರಾಯ್ಡ್ (ಪ್ರೆಡ್ನಿಸೋಲೋನ್) ಎಂದು ಆರಂಭಿಸಿದೆವು. ಮೆಥೊಟ್ರೆಕ್ಸೇಟನ್ನು ದಿನವೂ ನುಂಗಿಬಿಟ್ಟು ಪ್ರಾಣಕ್ಕೆ ತಂದುಕೊಂಡವರನ್ನು ಕಂಡಿದ್ದರಿಂದ, ಚೀಟಿಯ ಮೇಲೆ "ಭಾನುವಾರ ಮಾತ್ರ" ಎಂದು ದಪ್ಪಕ್ಷರದಲ್ಲಿ ಬರೆದುಕೊಟ್ಟೆ. ಈ ಔಷಧದ ವಂಶಾವಳಿ ನಮ್ಮ ನೆರೆಯ ತೆಲುಗು ನಾಡಿಗೆ ಬಂದು ಮುಟ್ಟುತ್ತದೆಂಬುದನ್ನು ವಿದ್ಯಾರ್ಥಿಗಳಿಗೆ ಹೇಳುವುದು ನನಗೆ ಯಾವಾಗಲೂ ಇಷ್ಟ: ಭೀಮವರಂನಲ್ಲಿ 1895ರಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅಮೆರಿಕದ ಲೆಡರ್ಲಿ ಪ್ರಯೋಗಾಲಯದಲ್ಲಿ ಮುನ್ನಡೆಸಿದ ತಂಡದ ಫೋಲಿಕ್ ಆಮ್ಲದ ಸಂಶೋಧನೆಯಿಂದ ಹೊಮ್ಮಿದ ಔಷಧಗಳ ಸಾಲಿನಲ್ಲಿ ಇದೂ ಒಂದು.

ಮೆಥೊಟ್ರೆಕ್ಸೇಟ್ 20 ಮಿಲಿಗ್ರಾಂಗೆ ಏರಿಸಿದರೂ ಆರು ತಿಂಗಳ ಬಳಿಕ ಏಳು ಕೀಲುಗಳು ಊದಿಯೇ ಇದ್ದವು. ಎರಡನೇ ಎಕ್ಸ್-ರೇಯಲ್ಲಿ ಹೊಸದೊಂದು ಕಚ್ಚು ಕಂಡಿತು. ಟಿಎನ್‌ಎಫ್ ಅನ್ನೇ ಹಿಡಿದು ತಡೆಯುವ ಪ್ರತಿಕಾಯವಾದ ಅಡಾಲಿಮುಮಾಬ್ ಚುಚ್ಚುಮದ್ದು ಕೊಡುವ ನಿರ್ಧಾರ ಮಾಡಿದೆವು. ಖರ್ಚಿಗೆ ಅವರು ಓಣಿಯ ಚೀಟಿ ಎತ್ತಿಕೊಂಡರು.

ಒಂದೇ ಒಂದು ಅಣುವನ್ನು ತಡೆದರೆ ಇಷ್ಟು ದೊಡ್ಡ ಉರಿಯೂತ ತಣಿದೀತು ಎಂಬುದನ್ನು ಒಂದು ಕಾಲಕ್ಕೆ ಹೆಚ್ಚಿನವರು ನಂಬಿರಲಿಲ್ಲ. ಕೀಲಿನಲ್ಲಿ ಸೈಟೊಕೈನ್‌ಗಳು ಹಲವಿರುವಾಗ ಒಂದನ್ನು ಕಟ್ಟಿಹಾಕಿದರೆ ಮತ್ತೊಂದು ಅದರ ಕೆಲಸ ಮಾಡುತ್ತದೆ ಎಂಬುದು ಅವರ ವಾದ. ಲಂಡನ್ನಿನಲ್ಲಿ ಫಿಯೋನುಲಾ ಬ್ರೆನನ್, ಮಾರ್ಕ್ ಫೆಲ್ಡ್‌ಮನ್, ರವೀಂದರ್ ಮೈನಿ ಮತ್ತು ಸಂಗಡಿಗರು ರೋಗಿಗಳ ಕೀಲಿನ ಒಳಪದರದ ಕೋಶಗಳನ್ನು ತಟ್ಟೆಯಲ್ಲಿ ಬೆಳೆಸಿ, ಅದಕ್ಕೆ ಟಿಎನ್‌ಎಫ್ ವಿರೋಧಿ ಪ್ರತಿಕಾಯ ಹಾಕಿದಾಗ ಐಎಲ್-1 ತಯಾರಿಕೆಯೂ ಕುಸಿಯಿತೆಂದು 1989ರಲ್ಲಿ ಪ್ರಕಟಿಸಿದರು. ಸೈಟೊಕೈನ್‌ಗಳು ಅಕ್ಕಪಕ್ಕ ನಿಂತ ಸಮಾನರಲ್ಲ, ಅವುಗಳಲ್ಲಿ ಮೇಲೆ ಕೆಳಗೆ ಇದೆ, ಟಿಎನ್‌ಎಫ್ ಮೇಲಿದೆ ಎಂಬುದಕ್ಕೆ ಅದು ಸಾಕ್ಷಿಯಾಯಿತು. 1992ರಲ್ಲಿ ಮೊದಲ ರೋಗಿಗಳಿಗೆ ಆ ಪ್ರತಿಕಾಯ ಕೊಡಲಾಯಿತು. ಇಂದು ನಾವು ಬರೆಯುವ ಔಷಧ ಚೀಟಿಗಳ ಮೂಲ ಅಲ್ಲಿದೆ.

ಚುಚ್ಚುಮದ್ದಿಗೆ ಮೊದಲು ಕ್ಷಯ ಅಡಗಿದೆಯೇ ಎಂದು ನೋಡುವುದು ಕಡ್ಡಾಯ. ಎದೆಯ ಎಕ್ಸ್-ರೇ ಸರಿಯಾಗಿತ್ತು. ಮುಂಗೈಗೆ ಚುಚ್ಚಿದ ಮಾಂಟೂ ಪರೀಕ್ಷೆಯಲ್ಲಿ ಮೂರನೇ ದಿನ ಗಟ್ಟಿಯಾದ ಜಾಗ 4 ಮಿಲಿಮೀಟರ್ ಬಂತು. ಇಂಥ ಔಷಧ ತೆಗೆದುಕೊಳ್ಳುವವರಲ್ಲಿ 5 ಮಿಲಿಮೀಟರಿನಿಂದ ಪಾಸಿಟಿವ್ ಎಂದು ಎಣಿಸುತ್ತೇವೆ. "ಮನೆಯಲ್ಲಿ ಯಾರಿಗಾದರೂ ಟಿಬಿ ಇತ್ತೇ?" ಎಂದು ಕೇಳಿದೆ. ಇಲ್ಲ ಎಂದರು. ಟಿ ಕೋಶಗಳು ಹೊರಬಿಡುವ ಇಂಟರ್‌ಫೆರಾನ್-ಗಾಮಾವನ್ನು ಅಳೆಯುವ ಇಗ್ರಾ ರಕ್ತಪರೀಕ್ಷೆಯನ್ನೂ ಮಾಡಿಸಬಹುದಿತ್ತು. ಈಗಾಗಲೇ ಚೀಟಿ ಎತ್ತಿದವರಿಗೆ ಇನ್ನೊಂದು ಖರ್ಚು ಬೇಡವೆಂದು ಬಿಟ್ಟೆ.

ಆ 4 ಮಿಲಿಮೀಟರನ್ನು ನಾನು ಓದಿದ ರೀತಿ ತಪ್ಪು. ಮಾಂಟೂ ಪರೀಕ್ಷೆಯ ಗಂಟು ತಾನೇ ಒಂದು ಉರಿಯೂತ. ಹಿಂದೆ ಕ್ಷಯದ ರೋಗಾಣುವನ್ನು ಕಂಡು ನೆನಪಿಟ್ಟುಕೊಂಡ ಟಿ ಕೋಶಗಳು ಚರ್ಮಕ್ಕೆ ಬಂದು, ಸೈಟೊಕೈನ್ ಸ್ರವಿಸಿ, ಮ್ಯಾಕ್ರೋಫೇಜುಗಳನ್ನು ಕರೆಸಿ ಆ ಗಂಟನ್ನು ಕಟ್ಟುತ್ತವೆ, ಅದಕ್ಕೇ ಎರಡು ಮೂರು ದಿನ ಹಿಡಿಯುತ್ತದೆ. ಆರು ತಿಂಗಳಿಂದ ಪ್ರೆಡ್ನಿಸೋಲೋನ್ ಮತ್ತು ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುತ್ತಿದ್ದವರ ಚರ್ಮದಲ್ಲಿ ಆ ಕೆಲಸವೂ ಮಂಕಾಗಿರುತ್ತದೆ. ಕೀಲನ್ನು ತಣಿಸಿದ ಔಷಧವೇ ಪರೀಕ್ಷೆಯ ಉತ್ತರವನ್ನೂ ತಣಿಸಿತ್ತು. ಜನವರಿಯಲ್ಲಿ, ಮೊದಲ ಮಾತ್ರೆಗೂ ಮುನ್ನ, ಈ ಪರೀಕ್ಷೆ ಮಾಡಿಸಿದ್ದರೆ ಗಂಟು ಬೇರೆಯೇ ಗಾತ್ರದಲ್ಲಿ ಬರುವ ಸಂಭವವಿತ್ತು.

ಜುಲೈನಲ್ಲಿ 40 ಮಿಲಿಗ್ರಾಂನ ಮೊದಲ ಚುಚ್ಚುಮದ್ದು ಕೊಟ್ಟೆವು, ಆಮೇಲೆ ಹದಿನೈದು ದಿನಕ್ಕೊಂದು. ಬಾವು ಇಳಿದ ವೇಗ ನನಗೇ ಬೆರಗು ತಂದಿತು. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ, ವರ್ಷದಲ್ಲೇ ಹೂವಿಗೆ ಅತಿ ಹೆಚ್ಚು ಬೆಲೆ ಬರುವ ದಿನ, ಅವರು ರಾತ್ರಿಯಿಡೀ ಕೂತು ಕಟ್ಟಿದರಂತೆ. ಸಿಆರ್‌ಪಿ 42ರಿಂದ 4ಕ್ಕೆ ಇಳಿಯಿತು. ಕಬ್ಬಿಣದ ಮಾತ್ರೆ ನಿಲ್ಲಿಸಿದ್ದರೂ ಹಿಮೋಗ್ಲೋಬಿನ್ 11.4ಕ್ಕೆ ಏರಿತು. ಟಿಎನ್‌ಎಫ್ ತಗ್ಗಿದರೆ ಐಎಲ್-6 ತಗ್ಗುತ್ತದೆ, ಅದು ತಗ್ಗಿದರೆ ಹೆಪ್ಸಿಡಿನ್ ಬಾಗಿಲು ತೆರೆಯುತ್ತದೆ ಎಂಬ ಪಾಠಪುಸ್ತಕದ ಸಾಲು ಅವರ ಲ್ಯಾಬ್ ರಿಪೋರ್ಟಿನಲ್ಲಿ ಅಂಕಿಗಳಾಗಿ ಕೂತಿತ್ತು.

ಕಾರ್ತಿಕದ ಜ್ವರ

ನವೆಂಬರಿನಲ್ಲಿ ಅವರು ನಿಗದಿತ ದಿನಕ್ಕಿಂತ ಮೊದಲೇ ಬಂದರು. ಮೂರು ವಾರದಿಂದ ಸಂಜೆಯಾಗುತ್ತಲೇ ಜ್ವರ, ರಾತ್ರಿ ಬೆವರಿ ರವಿಕೆ ಒದ್ದೆಯಾಗುವುದು, ಊಟ ಸೇರದಿರುವುದು, 5 ಕಿಲೋ ತೂಕ ಇಳಿದಿರುವುದು. ಕೆಮ್ಮು ಇರಲಿಲ್ಲ. ಬಡಾವಣೆಯ ಕ್ಲಿನಿಕ್ಕೊಂದರಲ್ಲಿ ವೈರಲ್ ಜ್ವರವೆಂದು ಎರಡು ಬಾರಿ ಆಂಟಿಬಯಾಟಿಕ್ ಕೊಟ್ಟಿದ್ದರು. ಕೀಲುಗಳು ಮಾತ್ರ ಅತ್ಯುತ್ತಮವಾಗಿದ್ದವು. ಕುತ್ತಿಗೆಯ ಬಲಬದಿಯಲ್ಲಿ, ಸೆರಗಿನ ಮರೆಯಲ್ಲಿ, ಒಂದಕ್ಕೊಂದು ಅಂಟಿಕೊಂಡ ಎರಡು ಗಂಟುಗಳು ಕೈಗೆ ಸಿಕ್ಕವು.

ಸಿ.ಟಿ. ಸ್ಕ್ಯಾನಿನಲ್ಲಿ ಎದೆಯ ನಡುವಿನ ದುಗ್ಧಗ್ರಂಥಿಗಳೂ ಊದಿದ್ದವು. ಕುತ್ತಿಗೆಯ ಗಂಟಿನಿಂದ ಸೂಜಿಯಲ್ಲಿ ತೆಗೆದ ದ್ರವದಲ್ಲಿ ಕ್ಷಯದ ರೋಗಾಣು ಧಾರಾಳವಾಗಿತ್ತು. ಜೀನ್‌ಎಕ್ಸ್‌ಪರ್ಟ್ ಪರೀಕ್ಷೆ ಅದನ್ನು ಖಚಿತಪಡಿಸಿ, ರಿಫಾಂಪಿಸಿನ್ ಔಷಧಕ್ಕೆ ಅದು ಬಗ್ಗುತ್ತದೆ ಎಂದೂ ತಿಳಿಸಿತು. ಆ ವರದಿಯಲ್ಲಿ ರೋಗಶಾಸ್ತ್ರಜ್ಞರು ಬರೆದ ಒಂದು ಸಾಲು ನನ್ನ ಮನಸ್ಸಿನಲ್ಲಿ ಉಳಿದಿದೆ: ಕೊಳೆತ ಭಾಗ ಹೆಚ್ಚು, ಗ್ರಾನುಲೋಮಾ ಸರಿಯಾಗಿ ಕಟ್ಟಿಕೊಂಡಿಲ್ಲ.

ಕಟ್ಟಿಕೊಳ್ಳದ ಆ ಗ್ರಾನುಲೋಮಾದಲ್ಲಿ ಇಡೀ ಪ್ರಕರಣವಿದೆ. ಉಸಿರಿನೊಂದಿಗೆ ಒಳಹೋದ ಕ್ಷಯದ ರೋಗಾಣುವನ್ನು ಶ್ವಾಸಕೋಶದ ಮ್ಯಾಕ್ರೋಫೇಜ್ ನುಂಗುತ್ತದೆ, ಆದರೆ ಜೀರ್ಣಿಸಲಾರದು. ನುಂಗಿದ ಚೀಲ ಜೀರ್ಣಕಿಣ್ವಗಳ ಚೀಲದೊಂದಿಗೆ ಕೂಡಿಕೊಳ್ಳದಂತೆ ಆ ರೋಗಾಣು ತಡೆಯುತ್ತದೆ. ಕೆಲವು ವಾರದ ನಂತರ ಟಿ ಕೋಶಗಳು ಬಂದು ಇಂಟರ್‌ಫೆರಾನ್-ಗಾಮಾ ಸ್ರವಿಸಿದಾಗ ಮ್ಯಾಕ್ರೋಫೇಜಿಗೆ ಬಲ ಬರುತ್ತದೆ. ಆಗ ಮ್ಯಾಕ್ರೋಫೇಜುಗಳು ಒತ್ತೊತ್ತಾಗಿ ಸೇರಿ, ಟಿ ಕೋಶಗಳನ್ನು ಸುತ್ತ ನಿಲ್ಲಿಸಿಕೊಂಡು, ರೋಗಾಣುವಿನ ಸುತ್ತ ಒಂದು ಕೋಟೆ ಕಟ್ಟುತ್ತವೆ. ಅದೇ ಗ್ರಾನುಲೋಮಾ. ಆ ಕೋಟೆಗೆ ಕೋಶಗಳನ್ನು ಕರೆತರುವುದೂ, ಕಟ್ಟಿದ್ದನ್ನು ವರ್ಷಗಟ್ಟಲೆ ಬಿಡದೆ ಹಿಡಿದಿಡುವುದೂ ಟಿಎನ್‌ಎಫ್‌ನ ಕೆಲಸ. ಟಿಎನ್‌ಎಫ್ ಸಂದೇಶ ತಲುಪದ ಇಲಿಗಳಿಗೆ ಕ್ಷಯದ ಸೋಂಕು ತಗುಲಿಸಿದರೆ ಅವು ಬೇಗ ಸಾಯುತ್ತವೆ ಎಂಬುದು 1990ರ ದಶಕದಲ್ಲೇ ಗೊತ್ತಾಗಿತ್ತು. 2001ರಲ್ಲಿ ಇನ್‌ಫ್ಲಿಕ್ಸಿಮಾಬ್ ಎಂಬ ಟಿಎನ್‌ಎಫ್ ವಿರೋಧಿ ಔಷಧ ಪಡೆದ 70 ಮಂದಿಯಲ್ಲಿ ಕ್ಷಯ ಕಾಣಿಸಿಕೊಂಡ ವರದಿ ಪ್ರಕಟವಾಯಿತು. ಅವರಲ್ಲಿ 40 ಮಂದಿಗೆ ರೋಗ ಶ್ವಾಸಕೋಶದಾಚೆ ಹರಡಿತ್ತು. ಹೆಚ್ಚಿನವರಲ್ಲಿ ಮೂರು ಡೋಸಿನೊಳಗೇ ರೋಗ ಎದ್ದಿತ್ತು. ಚುಚ್ಚುಮದ್ದಿಗೆ ಮುನ್ನ ಅಡಗಿದ ಕ್ಷಯವನ್ನು ಹುಡುಕುವ ಪದ್ಧತಿ ಬಿಗಿಯಾದದ್ದು ಆ ನಂತರ.

ಅಂದರೆ ಈ ಮಹಿಳೆಯ ಮಣಿಕಟ್ಟಿನಲ್ಲಿ ಮೂಳೆ ಕೊರೆಸುತ್ತಿದ್ದ ಅಣುವೇ ಎದೆಯೊಳಗೆ ಕೋಟೆ ಕಾಯುತ್ತಿತ್ತು. ನಾವು ಕೊಟ್ಟ ಪ್ರತಿಕಾಯಕ್ಕೆ ಅವೆರಡರ ಭೇದ ತಿಳಿಯದು. ಅದು ಟಿಎನ್‌ಎಫ್ ಎಲ್ಲಿ ಕಂಡರೂ ಹಿಡಿಯುತ್ತದೆ. 15 ವರ್ಷ ದಾಟಿದ ಭಾರತೀಯರಲ್ಲಿ ಶೇಕಡಾ 31ರಷ್ಟು ಮಂದಿಗೆ ಕ್ಷಯದ ಸೋಂಕು ತಗುಲಿದೆಯೆಂದು 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆ ಕಂಡುಕೊಂಡಿದೆ. ಅವರಲ್ಲಿ ಹೆಚ್ಚಿನವರಿಗೆ ಜೀವಮಾನವಿಡೀ ರೋಗ ಏಳುವುದಿಲ್ಲ, ಏಕೆಂದರೆ ಆ ಕೋಟೆ ನಿಂತಿರುತ್ತದೆ. ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1959ರಿಂದ ನೆಲೆಗೊಂಡಿರುವ, ದೇಶದ ಮೊದಲ ಕ್ಷಯ ನಿಯಂತ್ರಣ ಕಾರ್ಯಕ್ರಮದ ಚೌಕಟ್ಟು ರೂಪುಗೊಂಡ ಊರಿನಲ್ಲೇ ಕೂತು ಇಷ್ಟನ್ನು ನಾನು ಮತ್ತೆ ನೆನೆಯಬೇಕಾಗಿ ಬಂತು.

ಅಡಾಲಿಮುಮಾಬ್, ಮೆಥೊಟ್ರೆಕ್ಸೇಟ್ ಎರಡನ್ನೂ ನಿಲ್ಲಿಸಿ, ಕ್ಷಯರೋಗಿಗಳನ್ನು ದಾಖಲಿಸುವ ಸರ್ಕಾರಿ ಜಾಲತಾಣ ನಿಕ್ಷಯ್‌ನಲ್ಲಿ ಅವರ ಹೆಸರು ನೋಂದಾಯಿಸಿ, ಸರ್ಕಾರ ಉಚಿತವಾಗಿ ಕೊಡುವ ನಾಲ್ಕು ಔಷಧಗಳ ಮಾತ್ರೆ ಶುರು ಮಾಡಿಸಿದೆವು. ನಾಲ್ಕನೇ ದಿನ ಅವರು ವಾರ್ಡಿನ ನರ್ಸ್ ಬಳಿ ಹೇಳಿದ ಮಾತು ನನ್ನ ಕಿವಿಗೂ ಬಿತ್ತು: "ಸಿಸ್ಟರ್, ಮೂತ್ರ ಕೆಂಪಗೆ ಹೋಗ್ತಿದೆ. ನಮ್ಮತ್ತೆಗೂ ಹೀಗೇ ಹೋಗ್ತಿತ್ತು, ಆರು ತಿಂಗಳು ಮಾತ್ರೆ ನುಂಗೋವಾಗ."

ಮೂತ್ರಕ್ಕೆ ಆ ಬಣ್ಣ ಬರುವುದು ರಿಫಾಂಪಿಸಿನ್‌ನಿಂದ. ಮಂಚದ ಪಕ್ಕ ಕೂತು ವಿಚಾರಿಸಿದೆ. 11 ವರ್ಷಗಳ ಹಿಂದೆ ಅತ್ತೆಗೆ ತಿಂಗಳುಗಟ್ಟಲೆ ಕೆಮ್ಮಿತ್ತು. ಒಂದೇ ಕೋಣೆಯ ಮನೆ. ಕಫದ ಡಬ್ಬಿ ತೊಳೆದದ್ದು, ರಾತ್ರಿ ಪಕ್ಕದಲ್ಲಿ ಮಲಗಿ ನೋಡಿಕೊಂಡದ್ದು ಈ ಸೊಸೆಯೇ. ಆದರೆ ಟಿಬಿ ಎಂಬ ಮಾತನ್ನು ಆ ಮನೆಯಲ್ಲಿ ಯಾರೂ ಆಡಿರಲಿಲ್ಲ. ನಾದಿನಿಯ ಮದುವೆಯ ಮಾತುಕತೆ ನಡೆಯುತ್ತಿದ್ದುದರಿಂದ "ಎದೆಯಲ್ಲಿ ಕಫ ಕಟ್ಟಿದೆ" ಎಂದೇ ಹೇಳಿಕೊಂಡಿದ್ದರು, ಇವರೂ ಹಾಗೆಂದೇ ನಂಬಿದ್ದರು. ನನ್ನ ಪ್ರಶ್ನೆಗೆ ಅವರು ಕೊಟ್ಟ ಉತ್ತರದಲ್ಲಿ ಸುಳ್ಳಿರಲಿಲ್ಲ. ಆ ಮನೆಯ ಮಾತಿನಲ್ಲಿ ಇಲ್ಲದ ಪದವನ್ನು ಹಿಡಿದು ನಾನು ಪ್ರಶ್ನೆ ಕೇಳಿದ್ದೆ.

ಗುಣವಾಗುವಾಗ ಮತ್ತೆ ಬಂದ ಬಾವು

ಜ್ವರ ಎರಡು ವಾರದಲ್ಲಿ ಬಿಟ್ಟಿತು, ತೂಕ ಏರತೊಡಗಿತು. ಜನವರಿಯ ಕೊನೆಯಲ್ಲಿ, ಎರಡು ತಿಂಗಳು ಒಂದು ಮಾತ್ರೆಯೂ ತಪ್ಪದೆ ನುಂಗಿದ ಮೇಲೆ, ಜ್ವರ ಮರಳಿತು. ಕುತ್ತಿಗೆಯ ಗಂಟು ಮೊದಲಿಗಿಂತ ದೊಡ್ಡದಾಗಿ, ಕೆಂಪಾಗಿ, ಮುಟ್ಟಿದರೆ ನೋಯುವಂತಾಯಿತು. ಮದ್ದು ನಾಟುತ್ತಿಲ್ಲವೆಂದು ಮನೆಯವರಿಗೆ ದಿಗಿಲು. ಔಷಧಕ್ಕೆ ಬಗ್ಗದ ಕ್ಷಯವಿರಬಹುದೇ ಎಂಬ ಅಳುಕು ನಮಗೂ ಇತ್ತು. ಗಂಟಿನಿಂದ ಮತ್ತೆ ದ್ರವ ತೆಗೆದು ಕಲ್ಚರಿಗೆ ಕಳಿಸಿದೆವು. ಏನೂ ಬೆಳೆಯಲಿಲ್ಲ. ಸೂಕ್ಷ್ಮದರ್ಶಕದಲ್ಲಿ ಈ ಬಾರಿ ಗ್ರಾನುಲೋಮಾಗಳು ಚೊಕ್ಕವಾಗಿ ಕಟ್ಟಿಕೊಂಡಿದ್ದವು.

ಅಡಾಲಿಮುಮಾಬ್ ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ಎರಡು ವಾರ ಬೇಕು. ಅದು ಪೂರ್ತಿ ಹೋದ ಮೇಲೆ ಟಿಎನ್‌ಎಫ್ ಕೆಲಸಕ್ಕೆ ಮರಳುತ್ತದೆ, ಸುಮ್ಮನಾಗಿದ್ದ ಟಿ ಕೋಶಗಳು ಏಳುತ್ತವೆ, ಔಷಧದಿಂದ ಸತ್ತ ರೋಗಾಣುವಿನ ಚೂರುಗಳ ಮೇಲೂ ಅವು ಒಮ್ಮೆಲೇ ಮುಗಿಬೀಳುತ್ತವೆ. ಚಿಕಿತ್ಸೆ ಸರಿಯಾಗಿ ನಡೆಯುತ್ತಿರುವಾಗಲೇ ಬರುವ ಈ ವಿರೋಧಾಭಾಸದ ಉರಿಯೂತವನ್ನು ಗುರುತಿಸದೆ ಹೋದರೆ ರೋಗಿಗೆ ಅನಗತ್ಯವಾಗಿ ಉಗ್ರ ಔಷಧಗಳು ಬೀಳುತ್ತವೆ. ನಾವು ಕ್ಷಯದ ಮಾತ್ರೆ ಹಾಗೆಯೇ ಮುಂದುವರಿಸಿ ಪ್ರೆಡ್ನಿಸೋಲೋನ್ ಹೆಚ್ಚಿಸಿದೆವು. ರಿಫಾಂಪಿಸಿನ್ ಯಕೃತ್ತಿನ ಕಿಣ್ವಗಳನ್ನು ಚುರುಕುಗೊಳಿಸಿ ಪ್ರೆಡ್ನಿಸೋಲೋನನ್ನು ಬೇಗ ಕರಗಿಸಿಬಿಡುವುದರಿಂದ ಎಂದಿನ ಪ್ರಮಾಣ ಸಾಲುತ್ತಿರಲಿಲ್ಲ. ಹತ್ತು ದಿನದಲ್ಲಿ ಗಂಟು ಮೆತ್ತಗಾಯಿತು.

ಟಿಎನ್‌ಎಫ್ ಮರಳಿದ್ದಕ್ಕೆ ಕೀಲುಗಳೂ ಸಾಕ್ಷಿ ಹೇಳಿದವು. ಫೆಬ್ರವರಿಯ ಹೊತ್ತಿಗೆ ಮಣಿಕಟ್ಟು ಮತ್ತೆ ಊದಿತ್ತು. ಸಲ್ಫಾಸಲಜೀನ್ ಸೇರಿಸಿ ಹೇಗೋ ದಿನ ತಳ್ಳಿಸಿದೆವು. ಆ ನಾಲ್ಕು ತಿಂಗಳು ಹೂ ಕಟ್ಟಿದ್ದು ಅವರ ಮಗಳು, ಕಾಲೇಜಿಗೆ ಹೋಗುವ ಮುನ್ನ.

ಮುಂದೆ ಯಾವ ಕೋಶ

ಮೇ ಕೊನೆಗೆ ಕ್ಷಯದ ಚಿಕಿತ್ಸೆ ಮುಗಿಯಿತು, ಸ್ಕ್ಯಾನಿನಲ್ಲಿ ಗ್ರಂಥಿಗಳು ಕುಗ್ಗಿದ್ದವು. ಮೆಥೊಟ್ರೆಕ್ಸೇಟ್ ಮರಳಿ ಆರಂಭಿಸಿದರೂ ಅದೊಂದೇ ಸಾಲದೆಂದು ನಮಗೆ ಮೊದಲೇ ಗೊತ್ತಿತ್ತು. ಪೂರ್ತಿ ಚಿಕಿತ್ಸೆಯ ಬಳಿಕ ಟಿಎನ್‌ಎಫ್ ವಿರೋಧಿ ಔಷಧವನ್ನು ಎಚ್ಚರಿಕೆಯಿಂದ ಮತ್ತೆ ಕೊಡುವ ಪದ್ಧತಿಯಿದೆ. ಹಲವು ಸೈಟೊಕೈನ್‌ಗಳ ಸಂದೇಶವನ್ನು ಕೋಶದ ಒಳಗೇ ಕತ್ತರಿಸುವ ಟೊಫಾಸಿಟಿನಿಬ್‌ನಂಥ ಮಾತ್ರೆಗಳಿವೆ, ಅವುಗಳಲ್ಲೂ ಕ್ಷಯದ ಅಪಾಯ ಹೆಚ್ಚುತ್ತದೆ. ನಾವು ಸಂದೇಶ ಅಣುವನ್ನು ಬಿಟ್ಟು ಕೋಶವನ್ನೇ ಗುರಿಯಾಗಿಸುವ ದಾರಿ ಹಿಡಿದೆವು. ಕ್ಷಯದ ಕೋಟೆ ಮುಖ್ಯವಾಗಿ ನಿಂತಿರುವುದು ಮ್ಯಾಕ್ರೋಫೇಜ್ ಮತ್ತು ಟಿ ಕೋಶಗಳ ಮೇಲೆ. ಇವರ ಕೀಲುವಾತದಲ್ಲಾದರೋ ಬಿ ಕೋಶಗಳ ಪಾಲು ದೊಡ್ಡದು, ಆಂಟಿ-ಸಿಸಿಪಿಯ ಮಟ್ಟವೇ ಅದನ್ನು ಹೇಳುತ್ತಿತ್ತು. ಬಿ ಕೋಶಗಳ ಮೈಮೇಲಿನ ಸಿಡಿ20 ಎಂಬ ಗುರುತನ್ನು ಹಿಡಿದು ಅವನ್ನು ಅಳಿಸುವ ರಿಟುಕ್ಸಿಮಾಬ್, ಕ್ಷಯವನ್ನು ಕೆರಳಿಸುವ ಔಷಧಗಳ ಸಾಲಿಗೆ ಸೇರಿದ್ದಲ್ಲ. ಪ್ರತಿಕಾಯ ಪಾಸಿಟಿವ್ ಇರುವವರಲ್ಲಿ ಅದು ಹೆಚ್ಚು ಚೆನ್ನಾಗಿ ಕೆಲಸ ಮಾಡುತ್ತದೆ.

ಅದಕ್ಕೂ ಅದರದೇ ಕಾವಲಿನ ಪ್ರಶ್ನೆಯಿದೆ. ಯಕೃತ್ತಿನಲ್ಲಿ ಅಡಗಿದ ಹೆಪಟೈಟಿಸ್ ಬಿ ವೈರಸ್ಸನ್ನು ಅದು ಎಬ್ಬಿಸಬಲ್ಲದು. ಹಾಗಾಗಿ ವೈರಸ್ ಈಗ ಇದೆಯೇ ಎಂದು ತೋರಿಸುವ ಹೊರಮೈ ಆಂಟಿಜೆನ್ ಪರೀಕ್ಷೆಯ ಜೊತೆಗೆ, ಹಿಂದೆಂದೋ ಬಂದುಹೋದ ಸೋಂಕನ್ನೂ ತೋರಿಸುವ ಕೋರ್ ಪ್ರತಿಕಾಯದ ಪರೀಕ್ಷೆಯನ್ನೂ ಮಾಡಿಸಿದೆವು. ಖರ್ಚು ನೋಡಿ ಯಾವುದನ್ನೂ ಬಿಡಲಿಲ್ಲ. ಎರಡೂ ನೆಗೆಟಿವ್ ಬಂದವು. ನ್ಯುಮೋನಿಯಾ ಲಸಿಕೆಯನ್ನು ಮೊದಲೇ ಹಾಕಿಸಿದೆವು, ಏಕೆಂದರೆ ಬಿ ಕೋಶಗಳು ಹೋದ ಮೇಲೆ ಲಸಿಕೆಗೆ ಪ್ರತಿಕಾಯ ತಯಾರಿಸುವವರೇ ಇರುವುದಿಲ್ಲ. ಮಗಳನ್ನೂ ಮಗನನ್ನೂ ಕ್ಷಯಕ್ಕಾಗಿ ಪರೀಕ್ಷಿಸಿದೆವು, ಇಬ್ಬರಲ್ಲೂ ರೋಗವಿರಲಿಲ್ಲ. ಜುಲೈನಲ್ಲಿ 1000 ಮಿಲಿಗ್ರಾಂನಂತೆ ಹದಿನೈದು ದಿನದ ಅಂತರದಲ್ಲಿ ಎರಡು ಬಾರಿ ರಿಟುಕ್ಸಿಮಾಬ್ ಕೊಟ್ಟೆವು.

ಇದರ ಗುಣ ಟಿಎನ್‌ಎಫ್ ಔಷಧದಷ್ಟು ಬೇಗ ಕಾಣಲಿಲ್ಲ. ಆ ವರ್ಷದ ವರಮಹಾಲಕ್ಷ್ಮಿ ಮಗಳ ಕೈಯಲ್ಲೇ ಕಳೆಯಿತು. ನವರಾತ್ರಿಯ ಹೊತ್ತಿಗೆ ಊದಿದ ಕೀಲುಗಳು ಒಂಬತ್ತರಿಂದ ಎರಡಕ್ಕೆ ಇಳಿದಿದ್ದವು. ಈಗ ಹೊಸ ರೋಗಿಗಳಿಗೆ ಕ್ಷಯದ ಪರೀಕ್ಷೆಯನ್ನು ಸ್ಟೀರಾಯ್ಡ್ ಶುರು ಮಾಡುವ ಮುನ್ನವೇ ಬರೆಯುತ್ತೇನೆ. ಟಿಬಿ ಇತ್ತೇ ಎಂದು ಕೇಳಿ ಸುಮ್ಮನಾಗುವುದಿಲ್ಲ. "ಮನೇಲಿ ಯಾರಾದ್ರೂ ಆರು ತಿಂಗಳು ಬಿಡದೆ ಮಾತ್ರೆ ತಗೊಂಡಿದ್ರಾ, ಆಗ ಮೂತ್ರ ಕೆಂಪಗೆ ಹೋಗ್ತಿತ್ತಾ?" ಎಂದು ಕೇಳುತ್ತೇನೆ. ಹೌದು ಎಂದವರು ಈಗಾಗಲೇ ಕೆಲವರು ಸಿಕ್ಕಿದ್ದಾರೆ. ಅವರಿಗೆ ತಡೆಗಟ್ಟುವ ಮಾತ್ರೆ ಮೊದಲು, ಚುಚ್ಚುಮದ್ದು ಕನಿಷ್ಠ ಒಂದು ತಿಂಗಳ ನಂತರ.

ಕಳೆದ ಭೇಟಿಯಲ್ಲಿ ಅವರ ಸಿಆರ್‌ಪಿ 6, ಹಿಮೋಗ್ಲೋಬಿನ್ 11.8 ಇತ್ತು, ಕುತ್ತಿಗೆಯಲ್ಲಿ ಗಂಟಿರಲಿಲ್ಲ. ಬಲಗೈಯ ನಡುಬೆರಳು ಪೂರ್ತಿ ಚಾಚುವುದಿಲ್ಲ. ಮೂಳೆಯಲ್ಲಿ ಬಿದ್ದ ಕಚ್ಚು ಮರಳಿ ತುಂಬುವಂಥದ್ದಲ್ಲ, ಆ ಬೆರಳು ಇನ್ನು ಹಾಗೇ ಇರುತ್ತದೆ. ಅವರು ಅದಕ್ಕೊಂದು ದಾರಿ ಮಾಡಿಕೊಂಡಿದ್ದಾರೆ: ದಾರವನ್ನು ನಡುಬೆರಳಿನ ಬದಲು ಉಂಗುರಬೆರಳಿಗೆ ಸುತ್ತಿ ಗಂಟು ಎಳೆಯುತ್ತಾರೆ. ಚೀಲದಲ್ಲಿದ್ದ ಕಾಕಡ ಹೂವಿನಲ್ಲಿ ಒಂದು ಗೇಣು ಕಟ್ಟಿ ತೋರಿಸಿದರು. ಎಳೆದು ನೋಡಿದೆ, ಒಂದು ಹೂವೂ ಜಾರಲಿಲ್ಲ.